ನನ್ನ ಬೂದಿಬಣ್ಣದ ಸೀರೆ ಕಾಗವಾಡಕ್ಕೆ ಹೋದದ್ದು

ಮದುವೆಯಾಗಿ ನಿಪ್ಪಾಣಿಗೆ ಬಂದು ನಲವತ್ತೆಂಟು ವರ್ಷವಾಯಿತು. ಈ ಅವಧಿಯಲ್ಲಿ ನಾನೇ ಆರಿಸಿ, ನನಗೆಂದೇ ಕೊಂಡ ಸೀರೆಗಳ ಒಟ್ಟು ಸಂಖ್ಯೆ ಸೊನ್ನೆ. ನಮ್ಮ ಕಡೆ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಆಯೇರಿ ಎಂದು ಸೀರೆ ಕೊಡುತ್ತಾರೆ. ಕೊಡುವವರಿಗೆ ಬೇಡವಾದ ಬಣ್ಣ ನನಗೆ ಬರುತ್ತದೆ. ನಾನು ಅದನ್ನೇ ಉಡುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ‘ಗುಡ್ ಟೇಸ್ಟ್’ ಮಾತ್ರ ಇಷ್ಟು ವರ್ಷ ನನ್ನೊಳಗೆ ಮಡಿಕೆ ಬಿಚ್ಚದ ಹೊಸ ಸೀರೆಯಂತೆ ಘಡಿ ಮುರಿಯದೆ ಕುಳಿತಿತ್ತು.

ಹೀಗಿರುವಾಗ ಅಥಣಿಯಲ್ಲಿ ಮೈದುನನ ಮೊಮ್ಮಗಳ ಮದುವೆ ಗೊತ್ತಾಯಿತು. ಅದೇ ವಾರ ಕೊಲ್ಲಾಪುರದ ಒಂದು ಬುಟಿಕ್‌ನಲ್ಲಿ ಡಿಸೈನರ್ ಸೀರೆಗಳ ಸೇಲ್. ರಿಸೆಪ್ಶನ್‌ಗಾದರೂ ನನ್ನದೇ ಸೀರೆ ಉಡಬೇಕೆಂದು ಬಸ್ ಹತ್ತಿದೆ.

ಬುಟಿಕ್ ಎಂದರೆ ಒಂದು ಬಂಗಲೆಯ ಮುಂದಿನ ಕೋಣೆ. ಒಡತಿ ನನ್ನ ಇಂಗ್ಲಿಷ್ ಕೇಳಿ ಕುರ್ಚಿ ಕೊಟ್ಟಳು. ಅಲ್ಲಿ ಕಂಡಿತು ಅದು: ಬೂದಿಬಣ್ಣದ ಲಿನನ್. ಜರಿಯಿಲ್ಲ, ನವಿಲಿಲ್ಲ. ಸೆರಗಿನ ಅಂಚು ಹೊಲಿಯದೆ ದಾರಗಳು ಇಳಿಬಿದ್ದಿದ್ದವು.

“ಸಿಂಗಲ್ ಪೀಸ್, ಆಂಟಿ. ನೋ ರಿಟರ್ನ್, ನೋ ಎಕ್ಸ್‌ಚೇಂಜ್,” ಎಂದಳು.

ಎಕ್ಸ್‌ಚೇಂಜ್ ಯಾರಿಗೆ ಬೇಕು? ಅವಳು ಅದನ್ನು ಕಸೂತಿ ಹಾಕಿದ ಬಟ್ಟೆಯ ಚೀಲದಲ್ಲಿಟ್ಟು ಕೊಟ್ಟಳು. ಮಗುವನ್ನು ತರುವಂತೆ ತಂದೆ.

ಮನೆಯಲ್ಲಿ ನಮ್ಮ ಯಜಮಾನರು ಸೆರಗು ಹಿಡಿದು ನೋಡಿದರು. “ಇದು ಹರದೈತಲ್ಲ?”

“ಅದು ಡಿಸೈನ್ ಐತ್ರಿ. ರಾ ಎಡ್ಜ್ ಅಂತಾರ.”

“ಹಂಗಾರ ನನ್ನ ಬನಿಯನ್ನೂ ಡಿಸೈನ್ ಐತಿ. ನೀ ಅದರಲೆ ನೆಲಾ ಒರಸ್ತಿ.”

ಸೀರೆಗೆ ಸುಕ್ಕು ಬೀಳಬಾರದೆಂದು ಮತ್ತೆ ಅದೇ ಚೀಲಕ್ಕೆ ಹಾಕಿ, ಆಯೇರಿ ಸೀರೆಗಳ ಟ್ರಂಕಿನಲ್ಲಿ, ಎಲ್ಲಕ್ಕಿಂತ ಮೇಲೆ, ನನ್ನ ಕೈಯಾರೆ ಇಟ್ಟೆ. ಇಂಥ ಬುದ್ಧಿವಂತಿಕೆಗೆ ಕಾನ್ವೆಂಟಿನಲ್ಲಿ ಪ್ರೈಜ್ ಕೊಡುತ್ತಿದ್ದರು.

ಅಥಣಿಯಲ್ಲಿ ಮನೆಗೆ ಹಿರಿಯಳೆಂದು ನನ್ನನ್ನು ಆಯೇರಿ ಕೊಡಲು ಕೂರಿಸಿದರು. ಫೋಟೋಗ್ರಾಫರ್, “ಅಜ್ಜಿ, ಚಷ್ಮಾ ತಗೀರಿ, ಗ್ಲೇರ್ ಬರತೈತಿ,” ಎಂದ. ತೆಗೆದೆ. ಆಮೇಲೆ ಲೋಕವೆಲ್ಲ ಒಂದೇ ಬಣ್ಣದ ಮಂಜು. ಸೊಸೆ ಸುಜಾತಾ ಟ್ರಂಕಿನಿಂದ ಒಂದೊಂದೇ ಎತ್ತಿ ಕೊಡುತ್ತಿದ್ದಳು. ನಾನು ಕುಂಕುಮ ಹಚ್ಚಿ, ಕಾಯಿಯ ಜೊತೆ ಕೊಡುತ್ತಿದ್ದೆ. ಕಾಗವಾಡದಿಂದ ಬಂದ ವರನ ತಾಯಿಗೂ ಕೊಟ್ಟೆ. ಕೈಗೆ ಕಸೂತಿಯೇನೋ ತಗುಲಿತು. ಅಷ್ಟರಲ್ಲಿ ಅದು ಕೈಬಿಟ್ಟು ಹೋಗಿತ್ತು.

ನಮ್ಮಲ್ಲಿ ಬೀಗತಿಯರು ಆಯೇರಿಯನ್ನು ಅಲ್ಲೇ ಬಿಚ್ಚಿ ನೋಡುತ್ತಾರೆ. ಬೀಗತಿ ಬಿಚ್ಚಿದರು. ಹೆಂಗಸರ ಗದ್ದಲ ತಟ್ಟನೆ ನಿಂತಿತು. ಚಷ್ಮಾ ಹಾಕಿಕೊಂಡೆ. ಹಾಕಿಕೊಳ್ಳಬಾರದಿತ್ತು.

“ಏನ್ರಿ ಅಕ್ಕಾರ,” ಎಂದರು ಬೀಗತಿ, ದಾರಗಳನ್ನು ಎತ್ತಿ ತೋರಿಸುತ್ತ. “ಶುಭಕಾರ್ಯದಾಗ ಬೂದಿಬಣ್ಣದ್ದು, ಅದೂ ಹರಕ. ನಮ್ಮ ಮ್ಯಾಲ ಏನರೆ ಸಿಟ್ಟ ಐತ್ರಿ?”

“ಇದು ಮಿನಿಮಲಿಸ್ಟ್ ಐತ್ರಿ,” ಎಂದೆ.

“ಏನಂದ್ರಿ?” ಎಂದು ಅವರ ತಂಗಿ ಎದ್ದು ನಿಂತಳು.

ನಾನು ಸುಜಾತಾಳ ಕಡೆ ನೋಡಿದೆ. “ಎಲ್ಲಾಕಿಂತ ಚೊಲೊ ಚೀಲ ಇದಕ್ಕ ಇತ್ರಿ ಅತ್ತ್ಯಾರ. ಬೀಗತಿಗೆ ತಂದೀರಿ ಅಂತ ತಿಳಕೊಂಡೆ,” ಎಂದು ಅವಳು ಪಿಸುಗುಟ್ಟಿದಳು. ಪಾಪ, ಸಂಬಂಧ ಉಳಿಸುವ ಹೊಣೆ ಅವಳೇ ಹೊತ್ತಳು. ಸೀರೆಗೆ ತೂಗುತ್ತಿದ್ದ ಬೆಲೆಚೀಟಿ ಹಿಡಿದು, ಗೀಟು ಹೊಡೆದು ತೆಗೆದಿದ್ದ ಮೇಲಿನ ಬೆಲೆಯನ್ನು ಗಟ್ಟಿಯಾಗಿ ಓದಿದಳು: “ಹನ್ನೊಂದು ಸಾವಿರರಿ!” ಕೆಳಗಿನ ಬೆಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದ್ದಳು.

ಬೀಗತಿ ಸೀರೆಯನ್ನು ಮೆಲ್ಲಗೆ ಮಡಿಲಿಗಿಳಿಸಿ ಸವರಿದರು. “ಮೊದಲ ಹೇಳಬಾರದ್ರಿ?”

ಸಂಬಂಧ ಉಳಿಯಿತು. ಸೀರೆ ಹೋಯಿತು.

“ಹೋಗಿ ಬದಲಿ ಕೇಳು,” ಎಂದರು ಯಜಮಾನರು ಮೂಲೆಯಲ್ಲಿ.

“ಕುಂಕುಮ ಹಚ್ಚಿ ಕೊಟ್ಟದ್ದನ್ನ ತಿರುಗಿ ಕೇಳತಾರೇನ್ರಿ?”

“ಹಂಗಾರ ಅಳಬ್ಯಾಡ. ಬೀಗರು ನೋಡತಾರ.”

ಟ್ರಂಕಿನ ತಳದಲ್ಲಿ ಉಳಿದದ್ದು ಬೀಗತಿಗೆಂದು ತಂದ ಗಿಳಿಹಸಿರು ಸೀರೆ ಮಾತ್ರ. ಮೈತುಂಬ ನವಿಲು. ರಿಸೆಪ್ಶನ್‌ಗೆ ಅದನ್ನೇ ಉಟ್ಟು ನಿಂತೆ. ಎದುರಿನಿಂದ ಬೀಗತಿ ಬಂದರು, ಬೂದಿಬಣ್ಣ ಉಟ್ಟು, ದಾರಗಳನ್ನು ಗಾಳಿಗೆ ಬಿಟ್ಟು. ಸುಳ್ಳೇಕೆ, ಚೆನ್ನಾಗಿ ಒಪ್ಪಿತ್ತು.

“ಅಕ್ಕಾರ, ನೀವೂ ಇಂಥಾದ್ದೊಂದು ತಗೋಬೇಕಾಗಿತ್ರಿ,” ಎಂದರು.

“ಅಯ್ಯ, ನನಗೆಲ್ಲಿ ಒಪ್ಪತೈತ್ರಿ ಅದು,” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅದೂ ಖರೇನ ಬಿಡ್ರಿ,” ಎಂದರು. ಒಂದು ನಿಮಿಷವಾದರೂ ಯೋಚಿಸಬಹುದಿತ್ತು.