ಮುರುಗೇಂದ್ರಪ್ಪನ ಕಾರಿಗೆ ಒಳಜ್ವರ

ಆವತ್ತು ಬೆಳಗ್ಗೆ ಚಳ್ಳಕೆರೆಯ ಮೇಲೆ ಮೋಡ ಕವಿದಿತ್ತು. ಹನಿ ಮಾತ್ರ ಇರಲಿಲ್ಲ. ಶ್ರಾವಣದ ಗಾಳಿ ಎಣ್ಣೆ ಮಿಲ್ಲುಗಳ ಕಡೆಯಿಂದ ಶೇಂಗಾ ಸಿಪ್ಪೆ ಹೊತ್ತು ತಂದು ಎಲ್ಲರ ಅಂಗಳಕ್ಕೂ ಪ್ರಸಾದದ ಹಾಗೆ ಹಂಚುತ್ತಿತ್ತು. ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪ ಲಿಂಗಪೂಜೆ ಮುಗಿಸಿ, ಅಂಗಳದ ಮಂಚದ ಮೇಲೆ ಕೂತು, ತನ್ನ ಎರಡನೆಯ ಪೂಜೆಗೆ ಮೊಬೈಲು ತೆರೆದ.

ಶಿವ ಎಲ್ಲರಿಗೂ ಬುದ್ಧಿ ಕೊಟ್ಟು ಕಳಿಸುತ್ತಾನೆ. ಮುರುಗೇಂದ್ರಪ್ಪ ತನ್ನದನ್ನು ಮೊಬೈಲಿನಲ್ಲಿಟ್ಟಿದ್ದ. ಮಗಳು ತ್ರಿವೇಣಿ ಹೈಸ್ಕೂಲಿಗೆ ಸೇರಿದಾಗ ಕೊಂಡ ಅವನ ಹಳೇ ಕಾರಿಗೆ, ಸ್ಟೇರಿಂಗ್ ಕೆಳಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಸ್ಕ್ಯಾನರೊಂದನ್ನು ತರಿಸಿದ್ದ. ಅದು ವೈರಿಲ್ಲದೆ, ಬ್ಲೂಟೂತಿನಲ್ಲೇ ಕಾರಿನ ಕಾಯಿಲೆ ಕಸಾಲೆಯನ್ನೆಲ್ಲ ಮೊಬೈಲಿಗೆ ಹೇಳುತ್ತಿತ್ತು. ಯುಗಾದಿಗೆ ಅದಕ್ಕೆ ಕುಂಕುಮವನ್ನೂ ಇಟ್ಟಿದ್ದ. ಅಂದಿನಿಂದ ಕಾರಿನ ಹತ್ತಿರ ಹೋಗುವುದನ್ನೇ ಬಿಟ್ಟು, ಮಂಚದಿಂದಲೇ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದ.

ಗೋಡೆಯಾಚೆ ಪಕ್ಕದ ಮನೆ ಸಂಗಮೇಶ ಎಂದಿನಂತೆ ತನ್ನ ಕಾರನ್ನು ಚಾಲೂ ಮಾಡಿಟ್ಟು ಒರೆಸುತ್ತಿದ್ದ. ಎರಡು ಕಾರಿನ ನಡುವೆ ಇದ್ದದ್ದು ಆ ಗೋಡೆಯೊಂದೇ. ಅದರ ಮೇಲೆ ಹೆಪ್ಪಿನ ಬಟ್ಟಲು, ಸೌಟು, ಸುತ್ತಿಗೆ ದಿನಾ ಆ ಕಡೆ ಈ ಕಡೆ ಓಡಾಡುತ್ತಿದ್ದವು. ಯಾವ ಬಟ್ಟಲೂ ಬರಿದಾಗಿ ವಾಪಸ್ಸು ಹೋಗುವಂತಿರಲಿಲ್ಲ. ಚಿಟಿಕೆ ಸಕ್ಕರೆಯಾದರೂ ಇರಬೇಕು. ಅದು ಆ ಬೀದಿಯ ಮರ್ಯಾದೆ.

"ತ್ರಿವೇಣೀ, ಕಾರು ಚಾಲೂ ಮಾಡಮ್ಮ," ಎಂದ ಮುರುಗೇಂದ್ರಪ್ಪ.

ಆವತ್ತು ಸಂಜೆ ಅವಳ ನಿಶ್ಚಿತಾರ್ಥ. ಸೀರೆ ಮೊಳಕಾಲ್ಮೂರಿನ ನೇಕಾರ ರಂಗಯ್ಯನ ಮಗ್ಗದಿಂದ ಹಿಂದಿನ ದಿನವಷ್ಟೇ ಇಳಿದಿತ್ತು. ಬೀಗರಾಗಲಿರುವ ದೊಡ್ಡೀರಪ್ಪ ಬರುವಷ್ಟರಲ್ಲಿ ಅದು ಮನೆಯಲ್ಲಿರಬೇಕು. ಇಲ್ಲದಿದ್ದರೆ ಹುಡುಗಿಯನ್ನು ಹಳೇ ಸೀರೆಯಲ್ಲಿ ಹಸೆಗೆ ಕೂರಿಸಬೇಕು. "ನಾನೇ ನನ್ನ ಕಾರಲ್ಲಿ ಹೋಗಿ ತರ್ತೀನಿ" ಎಂದು ಬೀದಿಗೆಲ್ಲ ಸಾರಿಯಾಗಿತ್ತು.

ಕಾರು ಚಾಲೂ ಆಯಿತು. ಮೊಬೈಲು ಕೆಂಪಗಾಯಿತು.

"ಅಯ್ಯೋ! ಇಂಜಿನ್ ಕಾದು ಕೆಂಡ ಆಗೈತೆ! ಆಫ್ ಮಾಡಮ್ಮ!"

ಅವಳು ಆಫ್ ಮಾಡಿದಳು. ಮೊಬೈಲಿನಲ್ಲಿ ಇಂಜಿನ್ನಿನ ಕಾವು ಏರುತ್ತಲೇ ಇತ್ತು.

ಹೆಂಡತಿ ಜಗದಾಂಬ ಸೆರಗಿಗೆ ಕೈ ಒರೆಸುತ್ತ ಬಂದಳು. "ರೀ, ನಿನ್ನೆ ಒಂದು ಮಾತು ಹೇಳೋದು ಮರ್ತಿದ್ದೆ…"

"ಸುಮ್ನಿರು. ಇದು ಟೆಕ್ನಿಕಲ್ಲು."

"ಹಂಗಾದ್ರೆ ಬಸ್ಸಿಗೆ ಹೋಗ್ರಿ."

"ಬಸ್ಸು! ಬೀಗರ ಮುಂದೆ ಬಸ್ಸಿಂದ ಇಳೀಲಾ?"

ಅವಳು ಒಳಗೆ ಹೋದಳು. ಮೆಕ್ಯಾನಿಕ್ ಓಬಳೇಶ ಬಂದ. ಎದುರು ಮನೆಯ ಮರುಳಪ್ಪ ಮೇಷ್ಟ್ರು, ಯಾರೂ ಕರೆಯದಿದ್ದರೂ, ಬಂದರು. ಓಬಳೇಶ ಬಾನೆಟ್ ಮುಟ್ಟಿ, "ಕೈಗೆ ತಣ್ಣಗೈತೆ ಸಾರ್," ಎಂದ.

"ನಿನ್ನ ಕೈ ದೊಡ್ಡದೋ, ಮೊಬೈಲ್ ದೊಡ್ಡದೋ?"

ಓಬಳೇಶ ಮೊಬೈಲು ನೋಡಿ ತಲೆ ತೂಗಿದ. ಗಿರಾಕಿಯೇ ರೋಗ ಹುಡುಕಿ ಕೊಟ್ಟಾಗ ಅಲ್ಲಗಳೆಯುವ ಕೆಟ್ಟ ಚಾಳಿ ಅವನಿಗಿರಲಿಲ್ಲ. "ಒಳಜ್ವರ ಸಾರ್. ಮೇಲೆ ಗೊತ್ತಾಗಲ್ಲ. ಹಳೇ ಗಾಡಿಗಳಿಗೆ ಬರ್ತೈತೆ."

"ನಮ್ಮತ್ತೆಗೂ ಹಿಂಗೇ ಬಂದಿತ್ತು," ಎಂದರು ಮೇಷ್ಟ್ರು.

ಅರ್ಧ ಗಂಟೆಯಲ್ಲಿ ರೇಡಿಯೇಟರು ಗೋಣಿಚೀಲದ ಮೇಲೆ ಮಲಗಿತ್ತು. ಕಾರು ಹಲ್ಲು ಕೀಳಿಸಿಕೊಂಡ ಮುದುಕನ ಹಾಗೆ ಬಾಯಿ ತೆರೆದು ನಿಂತಿತ್ತು.

ಗೋಡೆಯ ಮೇಲೆ ಸಂಗಮೇಶನ ತಲೆ ಮೂಡಿತು. ಸ್ಕ್ಯಾನರ್ ಬಂದ ದಿನದಿಂದ, "ಭಾವ, ಹೊಟ್ಟೆನೋವಿಗೂ ಮೊಬೈಲೇ ನೋಡ್ತೀರಾ?" ಎಂದು ಗೇಲಿ ಮಾಡುತ್ತಿದ್ದವನು ಅವನು.

"ಸಂಗಮೇಶ, ನಿನ್ ಗಾಡಿ ಕೊಡಯ್ಯ, ಹೋಗ್ಬರ್ತೀನಿ."

ಸಂಗಮೇಶನ ಮುಖ ಸಣ್ಣಗಾಯಿತು. ಆದರೆ ಅದೇ ಗಾಡಿಯನ್ನು "ಹೂವಿನಂಥ ಗಾಡಿ" ಎಂದು ಮೇಷ್ಟ್ರಿಗೆ ಮಾರಲು ಅವನು ಮಾತಾಡುತ್ತಿದ್ದ, ಮೇಷ್ಟ್ರು ಅಲ್ಲೇ ನಿಂತಿದ್ದರು.

"ಅದಕ್ಕೇನು ಭಾವ, ತಗೊಂಡ್ಹೋಗ್ರಿ. ನಿಧಾನಕ್ಕೆ ಹೋಗ್ರಿ ಅಷ್ಟೇ. ಎ.ಸಿ. ಹಾಕ್ಬೇಡ್ರಿ. ಗಾಳಿ ಚೆನ್ನಾಗೈತೆ."

ಮುರುಗೇಂದ್ರಪ್ಪ ಎ.ಸಿ. ಹಾಕಿಕೊಂಡೇ ಹೊರಟ. ತಳಕು ದಾಟಿದ ಮೇಲೆ, ಮನೆಯಲ್ಲಿ ಬಿಟ್ಟುಬಂದ ತನ್ನ ಗಾಡಿಯ ನೆನಪಾಗಿ ಮೊಬೈಲು ತೆರೆದ. ಅದು ಸ್ಕ್ಯಾನರಿನ ಜೊತೆ ಮಾತಾಡುತ್ತಲೇ ಇತ್ತು!

ಅವನ ಕಣ್ಣು ತುಂಬಿ ಬಂತು. ಮಂಚದಿಂದ ಕಾರಿನವರೆಗೆ ಮಾತ್ರ ಅಂದುಕೊಂಡಿದ್ದ. ವೈರಿಲ್ಲದ ಯಂತ್ರ ಇಷ್ಟು ದೂರವೂ ತಲುಪುತ್ತದಲ್ಲ! ಆದರೆ ಕಾವು? ಏರುತ್ತಿತ್ತು. ಓಬಳೇಶನಿಗೆ ಫೋನು ಹಚ್ಚಿದ.

"ಲೇ ಓಬಳೇಶ, ಗಾಡಿ ಕುದೀತಾ ಐತೆ! ನೀರು ಹಾಕು!"

"ಎಲ್ಲಿಗೆ ಹಾಕ್ಲಿ ಸಾರ್? ರೇಡಿಯೇಟರ್ ಚೀಲದ ಮೇಲೈತೆ."

"ಇಂಜಿನ್ ಮೇಲೇ ಸುರಿ!"

"ವೈರಿಂಗಿಗೆ ಹೋದ್ರೆ?"

"ಬೆಂಕಿ ಹತ್ತಿದ್ರೆ ನಿಮ್ಮಪ್ಪ ಆರಿಸ್ತಾನಾ? ಸುರಿಯೋ!"

ಫೋನಿನಲ್ಲಿ ಬಿಂದಿಗೆ ನೀರು ಸುರಿದ ಸದ್ದು ಕೇಳಿತು. "ಕಡಿಮೆ ಆಯ್ತಾ ಸಾರ್?"

"ಇಲ್ಲ. ಇನ್ನೊಂದು ಬಿಂದಿಗೆ!"

ಇತ್ತ ಸಂಗಮೇಶನ ಕಾರಿನ ಸ್ಟೇರಿಂಗ್ ಹಿಂದೆ ಕೆಂಪು ದೀಪವೊಂದು ಹತ್ತಿತ್ತು. ಅಲಂಕಾರವಿರಬೇಕೆಂದು ಮುರುಗೇಂದ್ರಪ್ಪ ಅದನ್ನು ಕ್ಷಮಿಸಿದ. ಬಿ.ಜಿ. ಕೆರೆ ಹತ್ತಿರ ಬಂದಾಗ ಬಾನೆಟ್ಟಿನ ಸಂದಿಯಿಂದ ಹೊಗೆಯಂಥದ್ದು ಎದ್ದಿತು. ಅವನ ಕಣ್ಣು ಮೊಬೈಲಿನ ಮೇಲಿತ್ತು, ಜೀವ ಚಳ್ಳಕೆರೆಯಲ್ಲಿತ್ತು. "ಐದನೇ ಬಿಂದಿಗೆ ಸುರಿ!" ಎಂದು ಕೂಗುವುದಕ್ಕೂ, ಮುಂದೆ ಢಬ್ ಎಂದು ಸಿಡಿಯುವುದಕ್ಕೂ ಸರಿಹೋಯಿತು. ಕಾರು ದಾಸೋಹದ ಕೊಪ್ಪರಿಗೆಯಂತೆ ಆವಿ ಬಿಟ್ಟು, ರಸ್ತೆ ಬದಿಗೆ ನಿಂತು, ಆಮೇಲೆ ಉಸಿರೇ ಎತ್ತಲಿಲ್ಲ. ಮೊಬೈಲೂ ಸುಮ್ಮನಾಯಿತು.

"ಸದ್ಯ, ಅಲ್ಲಿ ಆರಿತು," ಎಂದು ಮುರುಗೇಂದ್ರಪ್ಪ ಶಿವನಿಗೆ ಕೈ ಮುಗಿದ.

ಬಸ್ಸು ಬಂತು. ಹತ್ತಿದ. ಯಾರದೋ ಕುರಿ ಉಣ್ಣೆಯ ಗಂಟೊಂದನ್ನು ತೊಡೆಯ ಮೇಲೆ ಹೊತ್ತು ಕೂತು, ಮೊಳಕಾಲ್ಮೂರಿನಲ್ಲಿ ಇಳಿದ. ರಂಗಯ್ಯ ಸೀರೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಬಸ್ಸಿಂದ ಇಳಿದವನನ್ನು ನೋಡಿ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ.

"ಏಮಿ ಅಣ್ಣ, ಬಸ್ಸುಲೋ ವಚ್ಚಿನಾರಾ? ಕಾರು ಏನಾಯ್ತು?"

"ಯಾವ ಕಾರು ಅಂತ ಕೇಳಯ್ಯ," ಎಂದ ಮುರುಗೇಂದ್ರಪ್ಪ.

ಬಸ್ಸಿನಲ್ಲೇ ವಾಪಸ್ಸು ಬಂದು, ದೊಡ್ಡೀರಪ್ಪನವರ ಕಣ್ಣೆದುರೇ ಇಳಿದ. ಸೀರೆ ಮಾತ್ರ ಹೊತ್ತಿಗೆ ಬಂದಿತ್ತು. ತ್ರಿವೇಣಿ ಉಟ್ಟು ಕೂತಳು, ತಾಂಬೂಲ ಬದಲಾಯಿತು, ಎಲ್ಲವೂ ಶಿವನ ದಯದಿಂದ ಸುಸೂತ್ರ.

ಶಾಸ್ತ್ರವೆಲ್ಲ ಮುಗಿದು, ಹೋಳಿಗೆ ಉಂಡವರು ಅಂಗಳದಲ್ಲಿ ಕೂತಿದ್ದಾಗ, ಟ್ರ್ಯಾಕ್ಟರೊಂದು ಸಂಗಮೇಶನ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿತು. ಮುರುಗೇಂದ್ರಪ್ಪನಿಗೆ ಹುರುಪು ಬಂತು. ಎದ್ದು ನಿಂತು ಕೈ ಎತ್ತಿದ.

"ನೋಡಿದ್ರಾ ಬೀಗರೆ? ಆ ಗಾಡಿಗೆ ಸ್ಕ್ಯಾನರ್ ಇದ್ದಿದ್ರೆ ಮೊದ್ಲೇ ಹೇಳಿರೋದು. ನಮ್ಮದು ಬಿ.ಜಿ. ಕೆರೆಗೇ ಸುದ್ದಿ ಮುಟ್ಟಿಸ್ತು! ನಾನು ಹೇಳ್ತಿದ್ದೆ, ಇವನು ನೀರು ಸುರೀತಿದ್ದ. ಹಂಗಾಗಿ ನಮ್ಮ ಗಾಡಿ ಉಳೀತು."

"ಉಳೀತು, ಚಾಲೂ ಆಗ್ತಿಲ್ಲ ಅಷ್ಟೇ," ಎಂದ ಓಬಳೇಶ, ಒದ್ದೆ ವೈರುಗಳನ್ನು ಹಿಂಡುತ್ತ.

ಆಗ ಸಂಗಮೇಶ ಗೋಡೆಯ ಹತ್ತಿರ ಬಂದ. ಅವನ ಕೈಯಲ್ಲಿ ಜಗದಾಂಬಳ ಹೆಪ್ಪಿನ ಬಟ್ಟಲಿತ್ತು.

"ಅಕ್ಕ, ತಪ್ಪಾಯ್ತು. ನನ್ ಗಾಡಿ ಯಾಕೋ ಕಾಯ್ತಿತ್ತು, ನೋಡನ ಅಂತ ನಿನ್ನೆ ನಿಮ್ ಹತ್ರ ಇಸ್ಕೊಂಡಿದ್ದೆ. ಸಿಕ್ಕಿಸಿದ್ದು ತೆಗೆಯೋದೇ ಮರ್ತಿದ್ದೆ."

ಮರುಳಪ್ಪ ಮೇಷ್ಟ್ರು ಮೆಲ್ಲಗೆ ಎದ್ದು ಚಪ್ಪಲಿ ಹುಡುಕಿದರು.

ಜಗದಾಂಬ ಬಟ್ಟಲು ಇಸಿದುಕೊಂಡು ನೋಡಿದಳು. ಬರಿದಾಗಿರಲಿಲ್ಲ. ಒಳಗಿದ್ದ ಬೆಂಕಿಪೊಟ್ಟಣದಷ್ಟು ವಸ್ತುವನ್ನು ಸೆರಗಿನಿಂದ ಒರೆಸಿದಳು. ಯುಗಾದಿಯ ಕುಂಕುಮ ಇನ್ನೂ ಹಾಗೇ ಅಂಟಿಕೊಂಡಿತ್ತು. ಬಂದು, ಬೀಗರ ಮುಂದೆ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ ಗಂಡನ ಅಂಗೈಯಲ್ಲಿ ಅದನ್ನು ಇಟ್ಟಳು.