ಷಡಕ್ಷರಿಯ ಬೀಗರೂಟದ ಯಂತ್ರ

"ನೋಡಿ! ಕಣ್ತುಂಬ ನೋಡಿ!" ಎಂದು ಷಡಕ್ಷರಿ ಹೊದಿಸಿದ್ದ ಹಳೇ ಪಂಚೆಯನ್ನು ಸರ್ರನೆ ಎಳೆದ.

ಸರ್ವಮಂಗಳ ನೋಡಿದಳು. ಒಂದು ಕಾಲದಲ್ಲಿ ಅದು ಅವಳ ಗ್ರೈಂಡರಾಗಿತ್ತು. ಈಗ ಅದರ ನೆತ್ತಿಯ ಮೇಲೆ ವಾಷಿಂಗ್ ಮೆಷಿನ್ನಿನ ಡ್ರಮ್ಮು, ಹೊಟ್ಟೆಯಲ್ಲಿ ಬೋರ್‌ವೆಲ್ ಮೋಟಾರು, ಪಕ್ಕಕ್ಕೆ ಅವಳದೇ ಇಡ್ಲಿ ಪಾತ್ರೆ, ಎದೆಗೆ ಹಳೇ ರೇಡಿಯೋದಿಂದ ಕಿತ್ತ ದಪ್ಪ ತಿರುಪು. ತಿರುಪಿನ ಕೆಳಗೆ ಕೆಂಪು ಬಣ್ಣದಲ್ಲಿ 'ಹೋಲಿಕೆ' ಎಂದು ಬರೆದಿತ್ತು. ತಿಪಟೂರಿನಲ್ಲಿ ತೆಂಗಿನ ತೋಟದ ಮೋಟಾರು ರಿವೈಂಡ್ ಮಾಡುವ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಹೆಂಡತಿಯ ಅಡುಗೆಮನೆಯನ್ನೇ ರಿವೈಂಡ್ ಮಾಡುವವನು ಇವನೊಬ್ಬನೇ.

"ಏನೋ ಇದು?" ಎಂದು ಕೇಳಿದರು ಷಡಕ್ಷರಿಯ ತಾಯಿ ಶಿವಗಂಗಮ್ಮ, ಹಣೆತುಂಬ ವಿಭೂತಿ, ಬಾಯಿತುಂಬ ಅನುಮಾನ.

"ಅವ್ವ, ಈ ಕಡೆ ಅವರೆಬೇಳೆ ಹಾಕಿದ್ರೆ ಆ ಕಡೆ ಕುರಿಮಾಂಸ ಬರುತ್ತೆ!"

"ಶಿವಶಿವಾ!"

"ಮಾಂಸ ಅಲ್ಲವ್ವ, ಮಾಂಸದ ಥರ! ಮೈಯೆಲ್ಲ ಅವರೆ. ಒಂದು ಹನಿ ಪಾಪ ಇಲ್ಲ!"

ಒಂದು ಬೊಗಸೆ ಹಿತಕಿದ ಬೇಳೆ ಸುರಿದು ಸ್ವಿಚ್ ಒತ್ತಿದ. ಯಂತ್ರ ಗೊರಗುಟ್ಟಿತು, ನಡುಗಿತು, ಇಡ್ಲಿ ಪಾತ್ರೆಯ ಮುಚ್ಚಳ ತಾಳ ಹಾಕಿತು. ಆಮೇಲೆ ಕೆಳಗಿನ ತಟ್ಟೆಗೆ ಮೆತ್ತಗೆ ಒಂದು ತುಂಡು ಬಿತ್ತು. ಕೆಂಪಗೆ, ಎಳೆ ಎಳೆಯಾಗಿ, ಹೊಳೆಯುತ್ತಾ ಇತ್ತು. ಸರ್ವಮಂಗಳ ಬೆರಗಾಗಿ ಬಗ್ಗಿದಳು. ಗಂಡ ಮಾಡಿದ ಯಾವ ಯಂತ್ರವೂ ಇಲ್ಲಿಯವರೆಗೆ ಹೇಳಿದ ಕೆಲಸ ಮಾಡಿದ್ದಿಲ್ಲ. ಬೆರಳ ತುದಿಯಿಂದ ಮುಟ್ಟಿದಳು. ತುಂಡು ಬೆಚ್ಚಗಿತ್ತು, ಒಳಗೆಲ್ಲೋ ಸಣ್ಣಗೆ ಮಿಡಿದ ಹಾಗೂ ಆಯಿತು.

"ರೀ, ಇದು ಬೆಚ್ಚಗಿದೆ!"

"ಮೋಟಾರಿನ ಶಾಖ ಕಣೇ."

ಶಿವಗಂಗಮ್ಮ ಮಾತ್ರ ಮೂಗಿಗೆ ಸೆರಗು ಹಿಡಿದೇ ಇದ್ದರು. "ಬೇಡ ಅಂತ ಬಿಟ್ಟವರಿಗೆ ಅದರ ವೇಷ ಯಾಕೋ?"

"ನಾವು ಬಿಟ್ಟಿರೋದು ಕೊಲ್ಲೋದನ್ನ. ರುಚಿ ಏನವ್ವ ಪಾಪ ಮಾಡಿತ್ತು?"

"ರುಚಿ ಕಂಡೋನ ಥರ ಮಾತಾಡ್ತಾನೆ! ಯಾವತ್ತಾದ್ರೂ ತಿಂದಿದ್ದೀಯೇನೋ?"

"ಇಲ್ಲ! ನಿನ್ನಾಣೆ ಇಲ್ಲ!"

"ಮತ್ತೆ ಅದರ ಥರಾನೇ ಇದೆ ಅಂತ ಹೆಂಗೆ ಹೇಳ್ತೀಯ?"

ಷಡಕ್ಷರಿ ತಲೆ ಕೆರೆದುಕೊಂಡ. ನಿಜ, ಆ ಮನೆಯಲ್ಲಿ ಅದನ್ನು ಹೇಳಬಲ್ಲವರು ಒಬ್ಬರೂ ಇರಲಿಲ್ಲ. "ನನಗೆ ಗೊತ್ತಿಲ್ಲದಿದ್ರೇನು, ಯಂತ್ರಕ್ಕೆ ಗೊತ್ತು. ಅದಕ್ಕೆ ಮಾದರಿ ತೋರಿಸಿದೀನಿ" ಎಂದ. ಯಾವ ಮಾದರಿ ಎಂದು ಯಾರೂ ಕೇಳಲಿಲ್ಲ. ಆವತ್ತೇ ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಸರ್ವಮಂಗಳ ಕೇಳದೇ ಇದ್ದುದಕ್ಕೆ ಕಾರಣವಿತ್ತು. ಮಗಳು ಇಂಚರ ಮೆಚ್ಚಿ ಮದುವೆಯಾದದ್ದು ಕುಣಿಗಲ್ ಕಡೆಯ ಗೌಡರ ಮನೆಯ ಹುಡುಗನನ್ನು. ಹುಡುಗ ಬಂಗಾರ, ಮನೆಯವರು ಬಂಗಾರ, ಆದರೆ ಊಟ ಬೇರೆ. ಮದುವೆ ಮುಗಿದ ಮೇಲೆ ಅವರ ಮನೆಯಲ್ಲಿ ಔತಣ ಇಟ್ಟಾಗ ಇವರಿಗೊಂದು ಕೋಣೆ, ಅವರಿಗೊಂದು ಚಪ್ಪರ ಆಗಿತ್ತು. ಇಂಚರ ಆ ಕಡೆ ಕೂರಲಾರದೆ, ಈ ಕಡೆ ಬರಲಾರದೆ, ಬಾಗಿಲಲ್ಲೇ ನಿಂತು ಒಂದು ಲೋಟ ಮಜ್ಜಿಗೆ ಕುಡಿದಿದ್ದಳು. ಆ ಲೋಟ ನೆನಪಾದರೆ ಸಾಕು, ಸರ್ವಮಂಗಳ ಕೈಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತಿದ್ದಳು. ಈಗ ಹೆಣ್ಣಿನ ಮನೆಯ ಸರದಿ. ಬೀಗರೂಟ ಎಂದರೆ ಅವರಲ್ಲಿ ಮಾಂಸದೂಟ. ಈ ಮನೆಯ ಹೊಸ್ತಿಲೊಳಗೆ ಮಾಂಸ ಬರುವಂತಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಮಗಳು ನಡುವೆ ಕೂರಬೇಕು. ಅದಕ್ಕಾಗಿ ಗ್ರೈಂಡರೇನು, ಫ್ರಿಜ್ಜನ್ನೂ ಕೊಡಲು ಅವಳು ತಯಾರಿದ್ದಳು.

ಬೀಗರು ಬಂದರು. ಮೀಸೆ ಮೊದಲು, ಹಿಂದೆ ಅಳಿಯನ ತಂದೆ ಕೆಂಪೀರೇಗೌಡರು, ಅವರ ಹಿಂದೆ ಅವರ ಅಕ್ಕ ದೊಡ್ಡತಾಯಮ್ಮ, ಕಂಕುಳಲ್ಲಿ ಬಿಡದೆ ಅವುಚಿಕೊಂಡ ಒಂದು ಚೀಲ, ಕೊನೆಗೆ ಅಳಿಯನ ಜೊತೆ ಇಂಚರ.

"ನಮಗೆ ಸಾರು ಅನ್ನ ಇದ್ರೂ ಸಾಕಾಗಿತ್ತು ಬೀಗ್ರೇ" ಎಂದರು ಗೌಡರು.

"ನಿನಗೆ ಸಾಕು!" ಎಂದರು ದೊಡ್ಡತಾಯಮ್ಮ. "ಬೀಗರೂಟ ಅಂತ ಕರೆದು ಸಾರು ಅನ್ನ ಹಾಕಿದ್ರೆ ಅದು ಜ್ವರದೋರ ಊಟ ಆಗ್ತದೆ."

ಷಡಕ್ಷರಿ ಎದೆಯುಬ್ಬಿಸಿ ತುಂಡೊಂದನ್ನು ತಟ್ಟೆಯಲ್ಲಿ ತಂದಿಟ್ಟ. ಗೌಡರು ಕನ್ನಡಕ ಹಾಕಿಕೊಂಡರು, ಹಿಸುಕಿದರು, ಮೂಸಿದರು, ಬೆಳಕಿಗೆ ಹಿಡಿದರು. ಮೀಸೆ ಮೆಲ್ಲಗೆ ಮೇಲಕ್ಕೇರಿತು. "ಬಣ್ಣ ಸರಿ, ಎಳೆ ಸರಿ. ಇದು ಅವರೆಕಾಳಾ? ಏನು ತಲೆ ಸ್ವಾಮಿ ನಿಮ್ಮದು! ಆದ್ರೆ ಮೂಳೆ ಎಲ್ಲಿ?"

"ಒಂದು ನಿಮಿಷ!" ಷಡಕ್ಷರಿ ತಿರುಪನ್ನು ಅರ್ಧಕ್ಕೆ ತಿರುಗಿಸಿದ. ಟಣ್! ತಟ್ಟೆಗೆ ಮೂಳೆ ಸಮೇತ ತುಂಡು ಬಿತ್ತು. ಟಣ್! ಟಣ್!

"ಅಕ್ಕಾ, ತೊಡೆ! ಇದು ಪಕ್ಕೆ!" ಗೌಡರು ದೀಪಾವಳಿಯ ಪಟಾಕಿ ನೋಡುವ ಹಾಗೆ ಕುಣಿದರು.

ದೊಡ್ಡತಾಯಮ್ಮ ಕುಣಿಯಲಿಲ್ಲ. "ತಲೆ ಎಲ್ಲಿ? ಕಾಲು ಎಲ್ಲಿ? ತಲೆಕಾಲಿಲ್ಲದ ಬೀಗರೂಟ ನಮ್ಮ ಕಡೆ ಇಲ್ಲ."

ಸರ್ವಮಂಗಳ ಬಾಗಿಲ ಕಡೆ ನೋಡಿದಳು. ಇಂಚರ ಮತ್ತೆ ಹೊಸ್ತಿಲ ಮೇಲೆಯೇ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ತಾಯಿಯ ಕರುಳು ತಡೆಯಲಿಲ್ಲ. "ಅದೇನಿದೆಯೋ ಪೂರ್ತಿ ತಿರುಗಿಸಿಬಿಡ್ರೀ!" ಎಂದು ಕೂಗಿದಳು.

ಷಡಕ್ಷರಿ ಇದ್ದಬದ್ದ ಬೇಳೆಯನ್ನೂ ಬಂದ ತುಂಡುಗಳನ್ನೂ ಮತ್ತೆ ಡ್ರಮ್ಮಿಗೆ ಸುರಿದು ತಿರುಪನ್ನು ಕೊನೆಯವರೆಗೆ ತಿರುಗಿಸಿದ. ಮೋಟಾರು ಆನೆಯ ಹಾಗೆ ಘೀಳಿಟ್ಟಿತು! ಫ್ಯಾನು ನಿಂತಿತು, ಟ್ಯೂಬ್‌ಲೈಟು ಹಸಿರಾಯಿತು, ಶೆಲ್ಫಿನ ಸ್ಟೀಲು ಲೋಟಗಳು ಒಂದೇ ತಾಳಕ್ಕೆ ಕುಣಿದವು. ಅವರೆ ಸೊಗಡು ಬೀದಿಯ ಕೊನೆಯವರೆಗೂ ಹಬ್ಬಿತು. ಆಮೇಲೆ ಎಲ್ಲವೂ ಒಟ್ಟಿಗೆ ನಿಂತುಹೋಯಿತು.

ಡ್ರಮ್ಮಿನ ಮುಚ್ಚಳ ತಾನಾಗಿ ಎದ್ದಿತು.

"ಮ್ಯಾ..."

ಒದ್ದೆ ಮೈಯ ಒಂದು ಕುರಿಮರಿ ಹೊರಗಿಣುಕಿತು. ಎಳೆ ಹಸಿರು ಉಣ್ಣೆ, ಅವರೆ ಸೊನೆಯ ವಾಸನೆ, ಹಣೆಯ ಮೇಲೆ ಕಾಳಿಗಿರುವಂಥದೇ ಒಂದು ಬಿಳಿ ಗೆರೆ. ಅದು ನೆಲಕ್ಕೆ ಧುಮುಕಿ, ಮುಗ್ಗರಿಸಿ, ನಾಲ್ಕು ಕಾಲನ್ನೂ ಅಗಲಿಸಿ ನಿಂತು ಸರ್ವಮಂಗಳಳನ್ನೇ ನೋಡಿತು. ಅವಳಿಗೆ ಮೈಯೆಲ್ಲ ಜುಮ್ಮೆಂದಿತು. ಹಿಂದಿನ ದಿನ ಅತ್ತೆ ಸೊಸೆ ಎದುರುಬದುರು ಕೂತು ಟೀವಿ ನೋಡುತ್ತಾ ಹಿತಕಿದ ಕಾಳು ಅದು. ತನ್ನ ಬೆರಳ ಸಂದಿಯಿಂದ ಜಾರಿದ ಕಾಳು ಈಗ ಕಣ್ಣು ಬಿಟ್ಟು ತನ್ನನ್ನು ನೋಡುತ್ತಿದೆ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶಿವಗಂಗಮ್ಮ ಕೈ ಮುಗಿದಿದ್ದರು. ಗೌಡರು ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದರು.

ಮೊದಲು ಬಾಯಿಬಿಟ್ಟವರು ದೊಡ್ಡತಾಯಮ್ಮ. "ತಲೆಕಾಲು ಬಂತು, ಸರಿ. ಕೊಯ್ಯೋರು ಯಾರು?"

"ಕೊಯ್ಯಬಹುದು, ದೋಷವಿಲ್ಲ! ಶುದ್ಧ ಸಸ್ಯಾಹಾರ! ನಾನೇ..." ಎಂದು ಷಡಕ್ಷರಿ ತರಕಾರಿ ಚಾಕು ಹಿಡಿದು ಬಂದ. ಮರಿ ಅವನ ಕೈ ನೆಕ್ಕಿತು. ಚಾಕು ಕೆಳಗೆ ಬಿತ್ತು. "ಗೌಡ್ರೇ, ನಿಮಗೆ ಅಭ್ಯಾಸ ಇದೆ..."

"ನನ್ನ ಕೈಲಾಗಲ್ಲ ಬೀಗ್ರೇ! ಎಷ್ಟೋ ಮರಿ ಕೊಯ್ಸಿದೀನಿ, ಒಂದೂ ಹಿಂಗೆ ಕಣ್ಣೆದುರಿಗೆ ಡ್ರಮ್ಮಿಂದ ಹುಟ್ಟಿರಲಿಲ್ಲ. ನೀವು ಕಾಳು ಅಂತೀರಲ್ಲ, ನೀವೇ ತಿನ್ನಿ!"

"ಉಸಿರಾಡೋದನ್ನ ನಾವು ತಿಂತೀವಾ?"

"ಕಾಳಲ್ಲಿ ಮಾಡಿದ್ದನ್ನ ನಾವು ಬೀಗರೂಟ ಅಂತೀವಾ?"

"ಹಂಗಾದ್ರೆ ಇದು ಕುರಿ ಅಂತ ಒಪ್ಕೊಳ್ಳಿ!"

"ನೀವು ಕಾಳು ಅಂತ ಒಪ್ಕೊಳ್ಳಿ!"

ನಡುವೆ ಶಿವಗಂಗಮ್ಮ ಕೋಲು ಕುಟ್ಟಿದರು. "ಲೋ ಷಡಕ್ಷರಿ, ಅದಕ್ಕೆ ಏನು ಮಾದರಿ ತೋರ್ಸಿದ್ಯೋ?"

ಷಡಕ್ಷರಿ ನೆಲ ನೋಡಿದ. "ಮನೆಯೊಳಗೆ ಮಾಂಸ ತಂದ್ರೆ ನೀನು ಸುಮ್ನಿರ್ತೀಯಾ ಅವ್ವ? ಅಂಗಡಿ ಮುಂದೆ ಕುರಿಮಂದೆ ಹೋಗ್ತಿತ್ತು. ಒಂದು ಮರಿ ಕೈಲಿ ಯಂತ್ರದ ತಟ್ಟೆ ನೆಕ್ಸಿ, ಎರಡು ಕೂದಲು ಕಿತ್ಕೊಂಡು ಡ್ರಮ್ಮಿಗೆ ಹಾಕ್ದೆ."

"ಸರಿಹೋಯ್ತು. ನೀನು ತೋರ್ಸಿದ್ದು ಬದುಕಿರೋ ಮರಿ. ಅದು ಮಾಡಿಕೊಟ್ಟಿದ್ದೂ ಬದುಕಿರೋ ಮರಿ. ಯಂತ್ರದ್ದೇನು ತಪ್ಪು?"

ಅಷ್ಟರಲ್ಲಿ ಇಂಚರ ಹೊಸ್ತಿಲು ಬಿಟ್ಟು ಬಂದು ನಡುಮನೆಯ ಮಧ್ಯೆ ಕೂತು, ಮರಿಯನ್ನು ಮಡಿಲಿಗೆಳೆದುಕೊಂಡು ಸೆರಗಿನಿಂದ ಒರೆಸತೊಡಗಿದ್ದಳು. ಗೌಡರು ಅವಳ ಈ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಶಿವಗಂಗಮ್ಮ ಮಣೆ ಎಳೆದುಕೊಂಡು ಆ ಪಕ್ಕ ಕೂತರು. ಮರಿಯನ್ನು ಬಿಟ್ಟು ಏಳಲು ಯಾರಿಗೂ ಮನಸ್ಸಿಲ್ಲ, ಬಂದವರೆಲ್ಲ ಅಕ್ಕಪಕ್ಕ ಕೂರುತ್ತಾ ಹೋದರು. ಸರ್ವಮಂಗಳ ಕಣ್ಣುಜ್ಜಿಕೊಂಡು ನೋಡಿದಳು. ಸಾಲು! ಒಂದೇ ಸಾಲು, ನಡುವೆ ಮಗಳು!

ಅವಳು ತಡಮಾಡಲಿಲ್ಲ. ಎಲೆ ಹಾಕಿದಳು, ತನ್ನ ಕಡೆಯವರಿಗೆಂದು ಮಾಡಿಟ್ಟಿದ್ದ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಗೌಡರು ಮರಿಯ ಮೇಲಿಂದ ಕಣ್ಣು ಕೀಳದೆ ಮುದ್ದೆ ಮುರಿದರು, ಇನ್ನೊಂದು ಹಾಕಿಸಿಕೊಂಡರು. ಇಂಚರ ಮೊದಲ ತುತ್ತು ಬಾಯಿಗಿಡುತ್ತಾ ಅಮ್ಮನನ್ನು ನೋಡಿ ನಕ್ಕಳು. ಸರ್ವಮಂಗಳಳಿಗೆ ಗ್ರೈಂಡರು ಹೋದದ್ದು ಸಾರ್ಥಕ ಎನಿಸಿತು.

"ಮರಿಗೂ ಏನಾದ್ರೂ ಹಾಕಮ್ಮ" ಎಂದರು ಗೌಡರು. ಸರ್ವಮಂಗಳ ಹುಲ್ಲು ಹಿಡಿದಳು. ಮರಿ ಮುಖ ತಿರುಗಿಸಿತು. ಸೊಪ್ಪು ಹಿಡಿದಳು. ಹಿಂದೆ ಸರಿಯಿತು. ಅವರೆ ಸಿಪ್ಪೆ ಹಿಡಿದಾಗಲಂತೂ ಗಾಬರಿಯಿಂದ ಅರಚಿ, ಸಾಲಿನುದ್ದಕ್ಕೂ ಓಡಿ, ದೊಡ್ಡತಾಯಮ್ಮನ ಚೀಲಕ್ಕೆ ಮೂತಿ ತೂರಿಸಿತು. ಒಳಗಿಂದ ಒಂದು ಪೊಟ್ಟಣ ಎಳೆದು, ಕಾಗದ ಹರಿದು, ಚಪ್ಪರಿಸಿಕೊಂಡು ಮೆಲ್ಲತೊಡಗಿತು.

ನಡುಮನೆಯೆಲ್ಲ ಕೋಳಿ ಕಬಾಬಿನ ಘಮಲು.

"ಅದು... ಎಲ್ಲಾದ್ರೂ ಊಟ ಸಪ್ಪೆ ಆದ್ರೆ ಅಂತ..." ದೊಡ್ಡತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಷಡಕ್ಷರಿ ಮಾತ್ರ ಕಣ್ಣರಳಿಸಿ ಎದ್ದು ನಿಂತ. "ಪಾಪ, ಗಿಡದಿಂದ ಬಂದಿದ್ದು, ತನ್ನವರನ್ನ ತಿನ್ನಲ್ಲ! ಆದ್ರೆ ಕುರಿ ನಾಲಿಗೆಗೆ ಹುಲ್ಲಿನ ಆಸೆ ಇದ್ದೇ ಇರುತ್ತೆ. ತಡೀರಿ, ಮಾಂಸದಲ್ಲಿ ಹುಲ್ಲು ಮಾಡೋ ಒಂದು ಯಂತ್ರ..."

ಸರ್ವಮಂಗಳ ಹೋಗಿ ಪ್ಲಗ್ ಕಿತ್ತಳು.

ಶಿವಗಂಗಮ್ಮ ಮರಿಯನ್ನು ದಿಟ್ಟಿಸುತ್ತಾ ಮಜ್ಜಿಗೆ ಗುಟುಕರಿಸಿದರು. "ಸುಮ್ನೆ ಕೂತ್ಕೊಳ್ಳೋ. ಬಿಟ್ಟಿದ್ದನ್ನ ವೇಷ ಹಾಕಿಸಿ ಕೊಡಿ ಅಂತ ಅದೇನು ನಿನ್ನ ಕೇಳ್ತಾ?"