ಹಾರ್ಡ್ ಡಿಸ್ಕಿನ ಹಿಸ್ಸಾ

ಕಲ್ಲಿಗೂ ಹೆಂಡತಿಯ ತವರಿಗೂ ಒಂದೇ ಪೆಟ್ಟಿಗೆಯಲ್ಲಿ ಜಾಗ ಸಾಲುವುದಿಲ್ಲ ಎಂಬ ಪರಮಸತ್ಯ ಮಾಣಿಕರಾವ್ ಅವರಿಗೆ ಹೊಳೆದದ್ದು ನೌಕರಿಯ ಕೊನೆಗಾಲದಲ್ಲಿ.

ಮಾಣಿಕರಾವ್ ಭಾಲ್ಕಿಯ ಭೂಮಾಪನ ಕಚೇರಿಯಲ್ಲಿ ಸರ್ವೇಯರ್. ಮನೆ ಬೀದರದ ಮೈಲೂರಿನಲ್ಲಿ. ಅಣ್ಣತಮ್ಮಂದಿರ ಹೊಲ ಅಳೆದು ಪಾಲು ಹಾಕಿಕೊಡುವುದು ಅವರ ಕಸುಬಾದರೆ, ಆ ಹೊಲದ ಗಡಿಗೆ ನೆಟ್ಟ ಬಾಂದುಕಲ್ಲಿನ ಫೋಟೋ ಹೊಡೆದುಕೊಳ್ಳುವುದು ಅವರ ಹುಚ್ಚು. ನಿಂತ ಕಲ್ಲು, ವಾಲಿದ ಕಲ್ಲು, ಎಮ್ಮೆ ಮೈ ತಿಕ್ಕಿಕೊಳ್ಳುವ ಕಲ್ಲು, ತಮ್ಮ ನೆಟ್ಟರೆ ಅಣ್ಣ ಕಿತ್ತ ಕಲ್ಲು, ಹೀಗೆ ತಾಲ್ಲೂಕಿನ ಕಲ್ಲುಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ ಬಂದು ಕೂತಿದ್ದವು. ನಿವೃತ್ತಿಯ ದಿನ ಕಚೇರಿಯ ಗೋಡೆಯ ಮೇಲೆ ಈ ‘ಶಿಲಾಸಂಪತ್ತನ್ನು’ ದೊಡ್ಡದಾಗಿ ಮೂಡಿಸಿ, ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರ ಬಾಯಿ ತೆರೆಸಬೇಕೆಂಬುದು ಅವರ ಜೀವನದ ಮಹದಾಸೆ. (ಆಕಳಿಸುವುದಕ್ಕೂ ಬಾಯಿ ತೆರೆಯಬೇಕಾಗುತ್ತದೆ ಎಂಬುದು ಅವರ ತಲೆಗೆ ಬಂದಿರಲಿಲ್ಲ.)

ಆದರೆ ಅದೇ ಕಂಪ್ಯೂಟರಿನಲ್ಲಿ ಅವರ ಹೆಂಡತಿ ಕೌಸಲ್ಯಾಬಾಯಿಯ ತವರೂರು ಔರಾದವೂ ವಾಸವಾಗಿತ್ತು. ಅಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ತೂಗಿದರೂ, ಯಾರ ಮೈಗೆ ಅರಿಶಿನ ಹತ್ತಿದರೂ ಅದರ ವಿಡಿಯೋ ಮೈಲೂರಿಗೆ ಬಂದು ಬೀಳುತ್ತಿತ್ತು. ಕಲ್ಲುಗಳಾದರೂ ಸುಮ್ಮನೆ ನಿಲ್ಲುವ ಜಾತಿ. ಕೌಸಲ್ಯಾಬಾಯಿಯ ಬಳಗ ಮೂರು ಮೂರು ತಾಸು ಕುಣಿಯುವ ಜಾತಿ. ಕೊನೆಗೊಂದು ದಿನ ಕಂಪ್ಯೂಟರು ಹೊಟ್ಟೆ ತುಂಬಿತೆಂದು ಕೆಂಪು ಗೆರೆ ತೋರಿಸಿ ಕೂತಿತು.

“ನೋಡ್ರಿ, ರವಿವಾರ ಅವ್ವ ಬರ್ತಾಳ. ಸುಮನಳ ಲಗ್ನದ ವಿಡಿಯೋ ತರ್ತಾಳ. ಅದಕ್ಕ ಜಗಾ ಬೇಕು” ಎಂದರು ಕೌಸಲ್ಯಾಬಾಯಿ. ಸುಮನ ಅವರ ಅಣ್ಣನ ಮಗಳು.

“ಜಗಾ ಎಲ್ಲದ? ನಿಮ್ಮ ಕಾಕಾನ ಮಗನ ಹಳದಿ ವಿಡಿಯೋ ತೆಗೆದು ಹಾಕು. ಹ್ಯಾಂಗೂ ಅದರಾಗ ಬರೇ ಅಡಗಿಯವನೇ ಕಾಣ್ತಾನ.”

“ನಮ್ಮ ಮಂದೀನ ತೆಗೀಬೇಕಾ? ನಿಮ್ಮ ಕಲ್ಲು ತೆಗೀರಿ! ಅದೇನು ಕಲ್ಲು ನಗ್ತದೋ, ಹಾಡ್ತದೋ? ಒಂದು ಕಲ್ಲು ನೋಡಿದ್ರ ಎಲ್ಲಾ ಕಲ್ಲು ನೋಡಿದಂಗ.”

“ಏನಂದಿ? ಕಲ್ಲು ಕಲ್ಲಿಗಿ ಫರಕ್ ಅದ!”

“ಇರ್ಲಿ ಬಿಡ್ರಿ. ರವಿವಾರ ಸಂಜಿತನಕ ಟೈಮ್ ಕೊಡ್ತೇನಿ. ಅಷ್ಟರಾಗ ಜಗಾ ಆಗ್ಲಿಲ್ಲಂದ್ರ ಕಲ್ಲೆಲ್ಲಾ ನಾನೇ ಕಿತ್ತಿ ಒಗೀತೇನಿ.”

ಕೌಸಲ್ಯಾಬಾಯಿ ಹೇಳಿದ್ದನ್ನು ಮಾಡದೆ ಬಿಟ್ಟ ಉದಾಹರಣೆ ಅವರ ಸಂಸಾರದ ಇತಿಹಾಸದಲ್ಲೇ ಇರಲಿಲ್ಲ.

ಮರುದಿನವೇ ಮಾಣಿಕರಾವ್ ಕಂಪ್ಯೂಟರ್ ಅಂಗಡಿಯ ಮುಬಶ್ಶೀರನ ಮುಂದೆ ತಮ್ಮ ದುಃಖ ತೋಡಿಕೊಂಡರು. “ಅಷ್ಟೇನಾ ಸಾಬ್? ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿ ಬಿಡ್ರಿ. ಹಳೇದೂ ಇರ್ತದ, ಹೊಸಾದೂ ಇರ್ತದ. ನಾ ಬಂದು ಕೂಡಿಸಿ ಕೊಡ್ತೇನಿ, ಒಂದು ಚಾ ಕುಡಿಯೋದ್ರಾಗ ಕೆಲಸ ಖತಂ” ಎಂದ ಅವನು. ಮಾಣಿಕರಾವ್ ಅವರಿಗೆ ಅವಮಾನವಾಯಿತು. ಕೊಡಲಿ ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ಅಳತೆಯ ಸರಪಳಿ ಎಳೆದವನಿಗೆ ನಾಲ್ಕು ಸ್ಕ್ರೂ ತಿರುಗಿಸಲು ಬಾರದೆ? “ನೀ ಡಿಸ್ಕ್ ಕೊಡು, ಸಾಕು” ಎಂದು ಡಬ್ಬಿಯನ್ನು ಬಗಲಿಗೆ ಇಟ್ಟುಕೊಂಡು ಬಂದರು.

ರವಿವಾರ ಬೆಳಿಗ್ಗೆ ಮಹಾಶಸ್ತ್ರಚಿಕಿತ್ಸೆ ಶುರುವಾಯಿತು. ನೆಲದ ಮೇಲೆ ಚಾದರ ಹಾಸಿ, ಕಂಪ್ಯೂಟರಿನ ಡಬ್ಬವನ್ನು ಅಂಗಾತ ಮಲಗಿಸಿ, ಪಕ್ಕದ ತಗಡು ಬಿಚ್ಚಿದರೆ ಒಳಗಿನಿಂದ ಒಂದು ಜಿರಳೆ ಗಂಭೀರವಾಗಿ ಹೊರಬಂದು ಅಡಿಗೆಮನೆಯ ಕಡೆ ನಡೆಯಿತು. ದೂಳು ಎಷ್ಟಿತ್ತೆಂದರೆ ಒಂದು ಮಳೆ ಬಿದ್ದಿದ್ದರೆ ಹೆಸರು ಬಿತ್ತಬಹುದಿತ್ತು. ಮಾಣಿಕರಾವ್ ಅಳತೆ ಪಟ್ಟಿ ತೆಗೆದು ಡಿಸ್ಕು ಕೂಡಿಸುವ ಸಂದಿನ ಉದ್ದ ಅಳೆದರು, ಅಗಲ ಅಳೆದರು, ಕಾಗದದ ಮೇಲೆ ನಕಾಶೆಯನ್ನೂ ಬರೆದರು. (ಡಿಸ್ಕು ಅಲ್ಲೇ ಕೂಡುವಂತೆ ಕಂಪನಿಯವರು ಮೊದಲೇ ಮಾಡಿಟ್ಟಿದ್ದರು. ಆದರೂ ಅಳೆಯದೆ ಒಳಗೆ ಕಾಲಿಡುವುದು ಅವರ ಧರ್ಮದಲ್ಲಿಲ್ಲ.)

ಅಷ್ಟರಲ್ಲಿ ಅತ್ತೆ ಜನಾಬಾಯಿ ಔರಾದದ ಬಸ್ಸಿಳಿದು ಬಂದರು. “ಜೈ ಭೀಮ್ ಅಳಿಯಂದ್ರ” ಎಂದವರೇ ಚಾದರದ ಮೇಲೆ ಬಿದ್ದದ್ದನ್ನು ನೋಡಿ, “ಅಯ್ಯ, ಕೋಳಿ ಕೊಯ್ದಂಗ ಕೊಯ್ದೀರಲ್ಲ! ತಿರುಗಿ ಎದ್ದು ನಿಂದ್ರತದೇನ್ರಿ ಇದು?” ಎಂದರು.

“ಜೈ ಭೀಮ್ ಅತ್ತಿ. ನೀವು ಕೂಡ್ರಿ. ಚಾ ಬರೋದ್ರಾಗ ಏಳಸ್ತೇನಿ.”

ಚಾ ಬಂತು, ಹೋಯಿತು. ಮಂಡಕ್ಕಿಯ ಸುಸಲಾ ಬಂತು, ಅದೂ ಹೋಯಿತು. ಕಂಪ್ಯೂಟರು ಎದ್ದಿತು ನಿಜ, ಆದರೆ ಹೊಸ ಡಿಸ್ಕಿನ ಸುಳಿವೇ ಇಲ್ಲ. ಮಾಣಿಕರಾವ್ ಡಬ್ಬಕ್ಕೆ ಎರಡು ಏಟು ಹಾಕಿದರು, ಪುಸಲಾಯಿಸಿದರು, ಕೊನೆಗೆ ಮುಬಶ್ಶೀರನಿಗೆ ಫೋನು ಹಚ್ಚಿದರು.

“ಸಾಬ್, ಡಿಸ್ಕಿಗಿ ಎರಡು ತಾರು ಹಚ್ಚಬೇಕು. ಒಂದು ಕರೆಂಟಿಂದು, ಒಂದು ಮಾತು ಆಡೋದು. ನೀವು ಎಷ್ಟು ಹಚ್ಚೀರಿ?”

“ಒಂದು.”

“ಯಾವುದು?”

“ದಪ್ಪಂದು.”

“ಹಾಂಗಾದ್ರ ಕರೆಂಟ್ ಅಷ್ಟೇ ಹೊಂಟದ. ಊಟ ಹಾಕಿ ಬಾಯಿ ಕಟ್ಟೀರಿ ಸಾಬ್! ಸಣ್ಣದೂ ಹಚ್ಚರಿ.” ಆಮೇಲೆ ಎಲ್ಲೆಲ್ಲಿ ಒತ್ತಬೇಕೆಂಬುದನ್ನೂ ಅವನೇ ಹೇಳಿಕೊಟ್ಟ.

ಸಣ್ಣ ತಾರು ಹಚ್ಚಿ, ಅವನು ಹೇಳಿದಲ್ಲೆಲ್ಲ ಒತ್ತಿದ ಮೇಲೆ ಪರದೆಯ ಮೇಲೆ ಹೊಸ ಡಿಸ್ಕು ಬಂಜರು ಬಯಲಿನಂತೆ ಖಾಲಿಯಾಗಿ, ವಿಶಾಲವಾಗಿ ಹರಡಿಕೊಂಡಿತು. ಮಾಣಿಕರಾವ್ ಕಣ್ಣಲ್ಲಿ ನೀರೇ ಬಂತು. ಕೈಯಲ್ಲಿ ಒಂದು ಸ್ಕ್ರೂ ಉಳಿದದ್ದನ್ನು ಯಾರಿಗೂ ಕಾಣದಂತೆ ಜೇಬಿಗಿಳಿಸಿದರು.

“ಇಲ್ಲಿ ನನ್ನ ಕಲ್ಲು ಇರ್ತಾವ. ಹಳೇದ್ರಾಗ ನಿನ್ನ ತವರುಮನಿ ಇರ್ಲಿ” ಎಂದು ಘೋಷಿಸಿದರು.

“ಯಾಕ? ಕಲ್ಲಿಗಿ ಬಂಗಲೆ, ನಮ್ಮ ಮಂದಿಗಿ ಹಳೇ ಕೊಟಗಿ?” ಕೌಸಲ್ಯಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಹೊಲ ಹಿಸ್ಸೆ ಮಾಡೋವಾಗ ಮಂದಿಗಿ ಏನು ಹೇಳ್ತೀರಿ ನೀವು? ಅವ್ವನ ಮುಂದ ಹೇಳ್ರಿ.”

ತಮ್ಮ ಕಸುಬಿನ ಮಾತು ಬಂದರೆ ಮಾಣಿಕರಾವ್ ಬಾಯಿಗೆ ಬೀಗವಿರುವುದಿಲ್ಲ. “ಪಾಲು ಹಾಕಿದವ ಮೊದಲು ಎತ್ತಂಗಿಲ್ಲ. ಸಣ್ಣಾವ ಮೊದಲು ಆರಿಸಬೇಕು, ದೊಡ್ಡಾವ ಉಳಿದಿದ್ದು ತಗೋಬೇಕು. ಭಾಲ್ಕಿಯಿಂದ ಕಮಠಾಣತನಕ ಇದೇ ರಿವಾಜು” ಎಂದುಬಿಟ್ಟರು.

“ಬರೋಬರಿ ಅದ. ಪಾಲು ಹಾಕಿದವರು ನೀವು. ಸಣ್ಣಾಕಿ ನಾನು.”

ಮಾಣಿಕರಾವ್ ನಾಲಿಗೆ ಕಚ್ಚಿಕೊಂಡರು. ಆದರೂ ಅವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಸರ್ವೇಯರ್ ಯಾವ ತುಂಡನ್ನು ಹೊಗಳುತ್ತಾನೋ ಆ ತುಂಡನ್ನು ತಮ್ಮ ಮುಟ್ಟುವುದಿಲ್ಲ, ಏನೋ ಮೋಸವಿದೆ ಎಂದು ಮತ್ತೊಂದಕ್ಕೆ ಕೈ ಹಾಕುತ್ತಾನೆ. ಇದು ಅವರು ಹೊಲಹೊಲದಲ್ಲಿ ಕಂಡ ಸತ್ಯ. ಹಾಗಾಗಿ ಜೇನಿನಂಥ ದನಿಯಲ್ಲಿ, “ಹೊಸಾದೇ ತಗೋ ಕೌಸಲ್ಯಾ. ಭಾಳ ಚೆಂದ ಅದ, ಭಾಳ ದೊಡ್ಡದದ. ನಾ ಹೇಳ್ತೇನಿ, ಕಣ್ಣು ಮುಚ್ಚಿ ತಗೋ” ಎಂದರು.

“ಆತು, ಹೊಸಾದೇ ಕೊಡ್ರಿ” ಎಂದರು ಕೌಸಲ್ಯಾಬಾಯಿ.

ತಾಲ್ಲೂಕನ್ನೆಲ್ಲ ಅಳೆದ ಮಹಾನುಭಾವರಿಗೆ ಹೆಂಡತಿಯ ಮನಸ್ಸು ಅಳೆಯುವ ಸರಪಳಿ ಇನ್ನೂ ಸಿಕ್ಕಿರಲಿಲ್ಲ. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಔರಾದದ ಬಳಗವೆಲ್ಲ ಹಳೇ ಡಿಸ್ಕು ಬಿಟ್ಟು ಹೊಸದಕ್ಕೆ ಗುಳೆ ಹೋಯಿತು. ಜನಾಬಾಯಿ ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಪೆನ್ ಡ್ರೈವಿನಿಂದ ಸುಮನಳ ಲಗ್ನವೂ ಬಂದು ಸೇರಿಕೊಂಡಿತು. ಹಳೇ ಡಿಸ್ಕಿನಲ್ಲಿ ಕಲ್ಲುಗಳಷ್ಟೇ ಉಳಿದವು. ಅಲ್ಲಿಗೆ ಸುಮ್ಮನಿದ್ದರೆ ಮಾಣಿಕರಾವ್ ಗೆದ್ದಂತೆಯೇ ಇತ್ತು. ಆದರೆ ಸೋತೆನೆಂದು ಹೊಟ್ಟೆ ಉರಿಯುತ್ತಿತ್ತು. ತಾಯಿ ಮಗಳು ಲಗ್ನ ನೋಡಲು ಕುರ್ಚಿ ಎಳೆದುಕೊಂಡದ್ದೇ ತಡ, ಅವರು ಎದ್ದು ನಿಂತರು.

“ನಿಂದ್ರು. ಕಂಪ್ಯೂಟರ್ ಏಳೋದು ನನ್ನ ಹಳೇ ಡಿಸ್ಕಿನ ಮ್ಯಾಲಿಂದ. ನಿನ್ನ ಹೊಸಾದಕ್ಕ ತಾನಾಗೇ ಏಳಲಿಕ್ಕ ಬರಂಗಿಲ್ಲ. ಅಂದ್ರ ನಿನ್ನ ಹೊಲಕ್ಕ ಹಾದಿ ಎಲ್ಲಿಂದ ಅದ? ನನ್ನ ಹೊಲದಾಗಿಂದ! ದಿನಾ ಹಾಯಬೇಕಾದ್ರ ನನ್ನ ಕೇಳಬೇಕು. ಸಂಜಿಗಿ ಮಿರ್ಚಿ ಭಜಿ ಮಾಡಿದ್ರ ವಿಚಾರ ಮಾಡ್ತೇನಿ.”

ಕೌಸಲ್ಯಾಬಾಯಿ ಬಾಯಿ ತೆರೆಯುವ ಮುನ್ನ ಜನಾಬಾಯಿ ಕೈ ಎತ್ತಿ ತಡೆದರು. ಹೊಲದ ಹಾದಿಗಾಗಿ ಬಾಜೂ ಹೊಲದವನ ಜೊತೆ ಬಡಿದಾಡಿ ಗೆದ್ದ ಮುದುಕಿ ಅದು.

“ಅಳಿಯಂದ್ರ, ಹಾದಿ ನಿಮ್ಮ ಹೊಲದಾಗ ಅದ, ಖರೇ. ನಾ ಇಲ್ಲ ಅನ್ನಂಗಿಲ್ಲ. ಹಾದಿ ಇದ್ದ ಹೊಲದವ ಹಾದಿ ಕಟ್ಟಬಹುದೇನ್ರಿ?”

“ಕಟ್ಟಂಗಿಲ್ಲ. ಆದ್ರ...”

“ಅದರ ಮ್ಯಾಲ ಏನರ ಹಾಕಬಹುದೇನ್ರಿ? ಮುಳ್ಳು, ಕಂಟಿ?”

“ಏನೂ ಹಾಕಂಗಿಲ್ಲ. ಕಾಯ್ದೆ ಅದ” ಎಂದರು ಮಾಣಿಕರಾವ್ ಅಭ್ಯಾಸಬಲದಿಂದ.

“ನಿಮ್ಮ ಹೊಲದಾಗ ಈಗ ಏನವ?”

“ಕಲ್ಲವ.”

ಕೌಸಲ್ಯಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಹಾದ್ಯಾಗ ಕಲ್ಲೇನ್ರಿ?” ಎಂದರು ಜನಾಬಾಯಿ. “ಸರ್ವೇ ಸಾಹೇಬ್ರೇ ಹಿಂಗ ಮಾಡಿದ್ರ ಬಡವರು ಎಲ್ಲಿ ಹೋಗಬೇಕು?”

“ಅತ್ತಿ, ಅವು ಬದಿಗಿ ಅವ! ಬಾಂದುಕಲ್ಲು ಬದಿಗೇ ಇರ್ತಾವ!”

“ಬದಿಗಿ ಅವ ಅಂತ ಅಳೆದವರು ಯಾರು? ನೀವೇ? ನಿಮ್ಮ ಹೊಲ ನೀವೇ ಅಳೀಲಿಕ್ಕ ಬರ್ತದೇನ್ರಿ?” ಎಂದರು ಕೌಸಲ್ಯಾಬಾಯಿ.

ಬರುವುದಿಲ್ಲ. ಅದೂ ರಿವಾಜೇ. ಮಾಣಿಕರಾವ್ ಊರಿಗೆಲ್ಲ ಹೇಳಿದ ನ್ಯಾಯವೆಲ್ಲ ಒಂದೇ ದಿನ ಮನೆಗೆ ಬಂದು ಪಂಕ್ತಿಯಲ್ಲಿ ಕೂತಿತ್ತು. ಹೊರಗೆ ಸಂಜೆಯ ಬಿಸಿಲು ಇಳಿಯುತ್ತಿತ್ತು, ಕೌಸಲ್ಯಾಬಾಯಿಯ ಬೆರಳು ಅಳಿಸುವ ಗುಂಡಿಯ ಕಡೆ ಹೊರಟಿತ್ತು. ಮಾಣಿಕರಾವ್ ಅವರಿಗೆ ಖರೇನೇ ಅಳು ಬರುವಂತಾಯಿತು.

“ಕೌಸಲ್ಯಾ, ಒಗೀಬ್ಯಾಡ. ನಿನ್ನ ಹೊಸಾದ್ರಾಗ ಭಾಳ ಜಗಾ ಅದಲ್ಲ... ಒಂದು ಮೂಲಿ ಕೊಡು.”

ಅವರ ಮುಖ ನೋಡಿ ಕೌಸಲ್ಯಾಬಾಯಿ ಬೆರಳು ಹಿಂದಕ್ಕೆ ತೆಗೆದರು. “ಅಯ್ಯ, ಕೊಡಂಗಿಲ್ಲ ಅಂದೆನೇನ್ರಿ? ನಿಮ್ಮದು ಅಂದ್ರ ನಮ್ಮದಲ್ಲೇನು?” ಎಂದು ‘ಔರಾದ’ ಎಂಬ ಫೋಲ್ಡರ್ ತೆರೆದು, ಅದರೊಳಗಿನ ‘ಅವ್ವನ ಮನಿ’ ತೆರೆದು, ಅದರೊಳಗೆ ಹಿತ್ತಲಿನಂಥದೊಂದು ಪುಟ್ಟ ಫೋಲ್ಡರ್ ಮಾಡಿ ‘ಅಳಿಯಂದ್ರು’ ಎಂದು ಹೆಸರು ಬರೆದರು. “ಹೂಂ, ತಂದು ಇಡ್ರಿ.”

ಎಷ್ಟೋ ರೈತರು ಕಾಲಿಗೆ ಬಿದ್ದು ಬೇಡಿಕೊಂಡರೂ, ಗದರಿಸಿದರೂ, ನೌಕರಿಯುದ್ದಕ್ಕೂ ಬಾಂದುಕಲ್ಲೊಂದನ್ನು ಒಂದು ಗೇಣು ಆಚೀಚೆ ಸರಿಸದ ಮಾಣಿಕರಾವ್, ಅಂದು ಸಂಜೆ ಭಾಲ್ಕಿ ತಾಲ್ಲೂಕಿನ ಬಾಂದುಕಲ್ಲುಗಳನ್ನೆಲ್ಲ ತಮ್ಮ ಕೈಯಾರೆ ಕಿತ್ತು, ಔರಾದದ ಅತ್ತೆಯ ಮನೆಯ ಹಿತ್ತಲಿಗೆ ಸಾಗಿಸಿದರು.

“ಸಾವಕಾಶ ಇಡ್ರಿ ಅಳಿಯಂದ್ರ, ನಮ್ಮ ಜಗಾ ಒತ್ತಬ್ಯಾಡ್ರಿ” ಎಂದರು ಜನಾಬಾಯಿ.